ಸ್ಕ್ರೀನಲ್ಲಿ ‘ಬೆಟ್ಟೆ’, ಕಾಗದದಲ್ಲಿ ಬರೀ ಪ್ರಶ್ನೆ ಚಿಹ್ನೆ

ಶಿರಸಿ_ಚಾಲಿ:
ನಮಸ್ಕಾರ. ಶಿರಸಿಯಲ್ಲಿ ನಮ್ಮದು ಅಡಿಕೆ ವ್ಯಾಪಾರ. ಬಿಲ್‌ಗೆ ಕಾರ್ಬನ್ ಕಾಪಿ ಬೇಕು ಅಂತ 9 ಪಿನ್ನಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನೇ (ಪಿನ್ ಬಡಿದು ಚುಕ್ಕಿಗಳಲ್ಲಿ ಅಚ್ಚು ಮಾಡುವಂಥದ್ದು) ಇಟ್ಟುಕೊಂಡಿದ್ದೇವೆ. ತೋಟದಿಂದ ಬರುವ ಹಿರಿಯರಿಗೆ ಇಂಗ್ಲಿಷ್ ಬಿಲ್ ಓದಲು ಆಗಲ್ಲ, ಅದಕ್ಕೆ ಈ ವಾರ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆ ಬಗೆಗಳ ಹೆಸರನ್ನೆಲ್ಲ ಯೂನಿಕೋಡ್ ಕನ್ನಡದಲ್ಲಿ ಹಾಕಿದೆ. ಪ್ರಿಂಟ್ ಕೊಟ್ಟರೆ ತೂಕ, ದರ ಸರಿಯಾಗಿ ಬರುತ್ತವೆ, ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನೆ ಚಿಹ್ನೆ! ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ‘ಜೆನೆರಿಕ್ / ಟೆಕ್ಸ್ಟ್ ಓನ್ಲಿ’ ಅಂತ ಇದೆ. ಬೇರೆ ಫಾಂಟ್ ಹಾಕಬೇಕಾ?

ಕುಮಟಾ_ಡಿಟಿಪಿ:
ಫಾಂಟ್ ಅಲ್ಲ ಸರ್, ಡ್ರೈವರ್ ಬದಲಿಸಿ. ಈಗಿರುವುದು ಅಕ್ಷರದ ಕೋಡ್ ಮಾತ್ರ ಕಳಿಸುತ್ತದೆ. ಆಕಾರ ಪ್ರಿಂಟರಿನ ಒಳಗಿನ ಚಿಪ್‌ನಲ್ಲೇ ಇರಬೇಕು, ಅಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಇವೆ, ಕನ್ನಡ ಇಲ್ಲ. ಇನ್ನೊಂದು ವಿಷಯ, ‘ಟ್ಟೆ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಆದರೆ ಯೂನಿಕೋಡಲ್ಲಿ ಅದು ನಾಲ್ಕು ಕೋಡ್: ಟ, ಹಲಂತ, ಮತ್ತೆ ಟ, ಆಮೇಲೆ ಎತ್ವ. ಇವನ್ನೆಲ್ಲ ಸೇರಿಸಿ ಒತ್ತನ್ನು ಕೆಳಗೆ ಕೂರಿಸುವ ಕೆಲಸ ಕಂಪ್ಯೂಟರಲ್ಲೇ ಆಗಿಬಿಡಬೇಕು, ಪ್ರಿಂಟರಿಗೆ ಅದು ಗೊತ್ತಿಲ್ಲ. ಪ್ರಿಂಟರ್ ಕಂಪನಿಯದೇ ಡ್ರೈವರ್ ಹಾಕಿದರೆ ಸಿದ್ಧವಾದ ಆಕಾರ ಚುಕ್ಕಿ ಚುಕ್ಕಿಯಾಗಿ, ಚಿತ್ರದ ಹಾಗೆ ಹೋಗುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರಲ್ಲಿ ಟೆಕ್ಸ್ಟ್ ಮೋಡ್ ಆನ್ ಇದ್ದರೆ ಅದನ್ನೂ ತೆಗೆಯಿರಿ.

ಕಾರವಾರ_ಕಡಲತಡಿ:
ನನಗೆ ಲೇಸರ್ ಪ್ರಿಂಟರಲ್ಲೂ ಕಾಟ ಆಗಿತ್ತು, ಆದರೆ ಕಾರಣ ಬೇರೆ. ‘ನುಡಿ’ ಕನ್ನಡ ಸಾಫ್ಟ್‌ವೇರಲ್ಲಿ ಮಾಡಿದ ಹಳೆಯ ಫೈಲ್, ಯೂನಿಕೋಡ್ ಅಲ್ಲದ್ದು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಕೋಡಿಗೇ ಕನ್ನಡದ ಆಕಾರ ಕೂರಿಸಿರುತ್ತಾರೆ. ಪ್ರಿಂಟ್ ಆಗುವಾಗ ಫಾಂಟ್ ಬದಲಾಗಿ, ಲಗ್ನಪತ್ರಿಕೆ ತುಂಬ ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳು ಬಂದವು. ಮುಹೂರ್ತಕ್ಕೆ ಹತ್ತೇ ದಿನ ಇತ್ತು, ಕೈಕಾಲು ಆಡಲಿಲ್ಲ. ಆಮೇಲೆ ಫಾಂಟ್ ಎಂಬೆಡ್ ಮಾಡಿದ (ಫೈಲಿನ ಒಳಗೇ ಸೇರಿಸಿದ) ಪಿಡಿಎಫ್ ಮಾಡಿ, ಪ್ರಿಂಟ್ ಕೊಡುವಾಗ ಅಡ್ವಾನ್ಸ್ಡ್‌ನಲ್ಲಿ ‘ಪ್ರಿಂಟ್ ಆ್ಯಸ್ ಇಮೇಜ್’ ಕೊಟ್ಟ ಮೇಲೆ ಸರಿಹೋಯಿತು.

ಶಿರಸಿ_ಚಾಲಿ:
ಕುಮಟಾ ಸರ್, ಡ್ರೈವರ್ ಬದಲಿಸಿದೆ, ಕನ್ನಡ ಬಂತು! ತುಂಬಾ ಉಪಕಾರ ಆಯ್ತು. ಆದರೆ ಮೊದಲು ಸರ್ರನೆ ಬರುತ್ತಿದ್ದ ಬಿಲ್ ಈಗ ನಿಧಾನ, ಹೆಡ್ ಒಂದೇ ಸಾಲಿನ ಮೇಲೆ ಮತ್ತೆ ಮತ್ತೆ ಓಡುತ್ತದೆ. ‘ಬೆಟ್ಟೆ’ಯ ಒತ್ತು ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕಪ್ಪು ಉಂಡೆ ಆಗಿದೆ.

ಕುಮಟಾ_ಡಿಟಿಪಿ:
ಚಿತ್ರವಾಗಿ ಹೋದರೆ ನಿಧಾನ ಆಗೋದೇ, ಅದಕ್ಕೆ ಏನೂ ಮಾಡಲಾಗಲ್ಲ. 9 ಪಿನ್ನಿಗೆ ಸಣ್ಣ ಒತ್ತಕ್ಷರ ಕಷ್ಟ. ಅಡಿಕೆ ಹೆಸರನ್ನು ಮಾತ್ರ 14 ಪಾಯಿಂಟ್ ಮಾಡಿ, ಬೋಲ್ಡ್ ತೆಗೆಯಿರಿ, ಡ್ರಾಫ್ಟ್ (ಬೇಗ ಆಗುವ ಒರಟು ಪ್ರಿಂಟ್) ಬಿಟ್ಟು ಹೆಚ್ಚಿನ ಕ್ವಾಲಿಟಿ ಇಡಿ. ಕಾರ್ಬನ್ ಕಾಪಿಯಲ್ಲೂ ಒತ್ತು ಕಾಣುತ್ತದಾ ನೋಡಿ ಹೇಳಿ, ಆ ಹಿರಿಯರ ಕೈಗೆ ಹೋಗೋದು ಅದೇ ಅಲ್ವಾ.