ನಲವತ್ತು ದಾಟಿದ ಮೇಲೆ ಕಥೆಗಾಗಿ ವ್ಯಾಕರಣ ಕಲಿಯುವುದು: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕಥೆಯ ಆಸೆ

ನನಗೆ ಈಗ 43 ವರ್ಷ. ಮನೆಮಾತು ಕನ್ನಡವೇ ಆದರೂ ಓದಿದ್ದೆಲ್ಲ ಇಂಗ್ಲಿಷ್ ಮಾಧ್ಯಮದಲ್ಲಿ. ಕನ್ನಡವನ್ನು ತೃತೀಯ ಭಾಷೆಯಾಗಿ ಮೂರು ವರ್ಷ ಓದಿ, ಪರೀಕ್ಷೆಯ ಮರುದಿನವೇ ಮರೆತವಳು ನಾನು. ತೀರ್ಥಹಳ್ಳಿ ಕಡೆಯ ಅಜ್ಜಿಮನೆಯಲ್ಲಿ ಕೇಳಿದ ಮಾತುಗಳನ್ನಿಟ್ಟುಕೊಂಡು ಕಥೆ ಬರೆಯಬೇಕೆಂಬ ಆಸೆ ಈಚೆಗೆ ಬಲವಾಗಿದೆ. ಆದರೆ ಬರೆಯಲು ಕುಳಿತರೆ ಎರಡನೆಯ ವಾಕ್ಯಕ್ಕೇ ಕೈ ನಿಲ್ಲುತ್ತದೆ. ಒಂದು ಹಳೆಯ ವ್ಯಾಕರಣ ಪುಸ್ತಕ ಕೊಂಡು ಲೋಪ, ಆಗಮ, ಆದೇಶ ಎಂದು ಸಂಧಿಗಳನ್ನು ಬಾಯಿಪಾಠ ಮಾಡಿದೆ. ಸಮಾಸಕ್ಕೆ ಬರುವ ಹೊತ್ತಿಗೆ ಉತ್ಸಾಹ ಉಡುಗಿತು, ಬರಹವೂ ಸುಧಾರಿಸಲಿಲ್ಲ. ನನ್ನ ಕಥೆ ಆರಂಭವಾಗುವುದು ಹೀಗೆ:

“ಬಾಗಿಲು ತೆರೆದು ಬೆಕ್ಕು ಒಳಗೆ ಓಡಿತು. ಸೀತೆ, ಯಾರು ಅಡುಗೆಮನೆಯಲ್ಲಿ ಇದ್ದಳೋ, ಅವಳು ಗಂಡನ ಕಡೆ ನೋಡಿದಳು. ಅವನು ಮಾತಾಡಲಿಲ್ಲ. ಅವಳು ಊರಿಗೆ ಹೋಗುವುದಿಲ್ಲ ಎಂದು ಸೀತೆ ಹೇಳಿದಳು. ಒಂದು ದೊಡ್ಡ ಮೌನದಿಂದ ಮನೆ ತುಂಬಲ್ಪಟ್ಟಿತು.”

ಏನೋ ಸರಿಯಿಲ್ಲವೆಂದು ಕಿವಿಗೆ ತಿಳಿಯುತ್ತದೆ. ಏನೆಂದು ಹೇಳಲು ಬರುವುದಿಲ್ಲ. ಕಥೆಗೆ ಬೇಕಾದಷ್ಟು ವ್ಯಾಕರಣ ಎಂದರೆ ಯಾವುದು?

ಉತ್ತರ: ಹಳೆಯ ಮೇಷ್ಟ್ರು

ಸಂಧಿಯಿಂದ ಆರಂಭಿಸಿದ್ದೇ ತಪ್ಪಾಯಿತು. ‘ಮನೆ’ಗೆ ‘ಅನ್ನು’ ಸೇರಿದರೆ ‘ಮನೆಯನ್ನು’ ಎಂದೂ ‘ಗುರು’ವಿಗೆ ಸೇರಿದರೆ ‘ಗುರುವನ್ನು’ ಎಂದೂ ನಿಮ್ಮ ನಾಲಿಗೆಗೆ ಐದನೆಯ ವಯಸ್ಸಿಗೇ ಗೊತ್ತಿತ್ತು. ‘ಮಳೆಕಾಲ’ ಎಂದು ನೀವು ಎಂದೂ ಹೇಳಿರಲಾರಿರಿ. ಯಕಾರಾಗಮ, ವಕಾರಾಗಮ ಎಂಬ ಹೆಸರುಗಳು ಪರೀಕ್ಷೆಗೆ ಬೇಕು, ನಿಮ್ಮ ಸೀತೆಗೆ ಬೇಡ.

ಕ್ರಿಯಾಪದದಿಂದ ಆರಂಭಿಸಿ. ‘ನೋಡಿದಳು’ ಎಂಬ ಒಂದೇ ಪದದಲ್ಲಿ ಕಾಲ, ಲಿಂಗ, ವಚನ, ಪುರುಷ ನಾಲ್ಕೂ ಇರುವುದರಿಂದ, ಕರ್ತೃ ಯಾರೆಂದು ಒಮ್ಮೆ ತಿಳಿದ ಮೇಲೆ ಕನ್ನಡದ ಕಥೆಗಾರರು ಅದನ್ನು ಧಾರಾಳವಾಗಿ ಬಿಟ್ಟುಬಿಡುತ್ತಾರೆ. ಪ್ರತಿ ವಾಕ್ಯಕ್ಕೂ ‘ಅವಳು’ ಹಚ್ಚುವುದು ಇಂಗ್ಲಿಷಿನ ಅಭ್ಯಾಸ. ಆದರೆ ನಿಷೇಧಕ್ಕೆ ಬಂದರೆ ಈ ಅನುಕೂಲ ತಪ್ಪಿಹೋಗುತ್ತದೆ: ನಾನು ಬರಲಿಲ್ಲ, ಅವಳು ಬರಲಿಲ್ಲ, ಅವರು ಬರಲಿಲ್ಲ, ಎಲ್ಲಕ್ಕೂ ಒಂದೇ ರೂಪ. ಆದ್ದರಿಂದ ‘ಅವನು ಮಾತಾಡಲಿಲ್ಲ’ ಎಂಬಲ್ಲಿ ‘ಅವನು’ ಇರಲೇಬೇಕು. ತೆಗೆದರೆ ಸುಮ್ಮನಿದ್ದವರು ಗಂಡನೋ ಹೆಂಡತಿಯೋ ತಿಳಿಯುವುದಿಲ್ಲ.

ಇನ್ನು ‘ಯಾರು ಇದ್ದಳೋ, ಅವಳು’. ಕನ್ನಡಕ್ಕೆ ಇದರ ಅಗತ್ಯವೇ ಇಲ್ಲ, ‘ಅಡುಗೆಮನೆಯಲ್ಲಿದ್ದ ಸೀತೆ’ ಎಂದರೆ ಮುಗಿಯಿತು. ‘ತುಂಬಲ್ಪಟ್ಟಿತು’ ಎಂಬ ಕರ್ಮಣಿ ಪ್ರಯೋಗವನ್ನು ಸರ್ಕಾರಿ ಆದೇಶಗಳಿಗೆ ಬಿಟ್ಟುಕೊಡಿ.

ಕೊನೆಯದಾಗಿ ಬೆಕ್ಕು. ‘ತೆರೆದು’, ‘ಬಂದು’, ‘ಕುಳಿತು’ ಮೊದಲಾದ ಕೃದಂತಾವ್ಯಯಗಳ ಕರ್ತೃವೂ ವಾಕ್ಯದ ಕೊನೆಯ ಕ್ರಿಯಾಪದದ ಕರ್ತೃವೂ ಒಂದೇ ಆಗಿರಬೇಕು. ನಿಮ್ಮ ವಾಕ್ಯದ ಪ್ರಕಾರ ಬಾಗಿಲು ತೆರೆದದ್ದು ಬೆಕ್ಕು. ಕೆಲವು ಬೆಕ್ಕುಗಳಿಗೆ ಅದು ಸಾಧ್ಯವಿರಬಹುದು, ನಿಮ್ಮ ಉದ್ದೇಶ ಅದಲ್ಲವೆಂದು ತಿಳಿಯುತ್ತೇನೆ.

ಉತ್ತರ: ಕರಡು ತಿದ್ದುವವ

ಮೇಷ್ಟ್ರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಕೊನೆಯ ನಿಯಮಕ್ಕೊಂದು ತಿದ್ದುಪಡಿ ಬೇಕು. ‘ಮಳೆ ಬಂದು ಕೆರೆ ತುಂಬಿತು’ ಎನ್ನುವಾಗ ಬಂದದ್ದು ಮಳೆ, ತುಂಬಿದ್ದು ಕೆರೆ. ಆದರೂ ವಾಕ್ಯದಲ್ಲಿ ದೋಷವಿಲ್ಲ, ಏಕೆಂದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಿದೆ ಮತ್ತು ಎರಡೂ ತಾವಾಗಿಯೇ ನಡೆದ ಸಂಗತಿಗಳು. ಮನುಷ್ಯರು ಬುದ್ಧಿಪೂರ್ವಕವಾಗಿ ಮಾಡುವ ಕೆಲಸಗಳಲ್ಲಿ ಈ ಸ್ವಾತಂತ್ರ್ಯ ಕಡಿಮೆ. ಅಲ್ಲಿ ಕರ್ತೃ ಬದಲಾದರೆ ‘ತೆರೆದಾಗ’, ‘ತೆರೆದೊಡನೆ’ ಎಂಬ ರೂಪಗಳನ್ನು ಬಳಸಿ.

ನನ್ನನ್ನು ಹೆಚ್ಚು ಕಾಡಿದ್ದು ನಾಲ್ಕನೆಯ ವಾಕ್ಯ. ‘ಅವಳು ಊರಿಗೆ ಹೋಗುವುದಿಲ್ಲ ಎಂದು ಸೀತೆ ಹೇಳಿದಳು’ ಎಂದರೆ ಓದುಗ ಇನ್ನೊಬ್ಬ ಹೆಂಗಸನ್ನು ಹುಡುಕುತ್ತಾನೆ. ‘ಹೋಗುವುದಿಲ್ಲ’ ಎಂಬ ನಿಷೇಧರೂಪದಿಂದಲೂ ಅವನಿಗೆ ಸಹಾಯವಿಲ್ಲ. ಇಂಗ್ಲಿಷಿನಲ್ಲಿ ಇಂಥ ಕಡೆ ಒಂದೇ ಸರ್ವನಾಮ ಎರಡು ಕೆಲಸ ಮಾಡುತ್ತದೆ, ಕನ್ನಡದಲ್ಲಿ ಅದಕ್ಕೆಂದೇ ‘ತಾನು’ ಇದೆ. ‘ತಾನು ಊರಿಗೆ ಹೋಗುವುದಿಲ್ಲ ಎಂದಳು’ ಎಂದು ಬರೆದರೆ ಹೇಳಿದವಳೂ ಹೋಗದವಳೂ ಒಬ್ಬಳೇ ಎಂಬುದು ಸ್ಪಷ್ಟ. ಕಥೆಗಾರರಿಗೆ ಈ ‘ತಾನು’ ಇನ್ನೂ ದೊಡ್ಡ ಉಪಕಾರ ಮಾಡುತ್ತದೆ: ‘ಎಂದುಕೊಂಡಳು’ ಎಂಬುದನ್ನೂ ಬಿಟ್ಟು, ‘ತಾನೇಕೆ ಹೋಗಬೇಕು?’ ಎಂದಷ್ಟೇ ಬರೆದರೂ ಓದುಗ ಸೀತೆಯ ಮನಸ್ಸಿನೊಳಗೆ ಇರುತ್ತಾನೆ. ನಿಮಗೆ ಇಷ್ಟವಾದ ಯಾವುದಾದರೂ ಕಥೆಯನ್ನು ತೆಗೆದು, ಅದರಲ್ಲಿ ‘ತಾನು’ ಬರುವ ಕಡೆಗಳಿಗೆಲ್ಲ ಪೆನ್ಸಿಲಿನಿಂದ ಗೆರೆ ಎಳೆದು ನೋಡಿ. ಒಂದು ವಾರದ ಓದಿಗೆ ಅಷ್ಟು ಸಾಕು.

ಉತ್ತರ: ಪುಸ್ತಕದ ಹುಳು

ಹೆಸರುಗಳೇ ಬೇಡವೆಂಬ ಮೇಷ್ಟ್ರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಸಂಶಯ ಬಂದಾಗ ಪುಸ್ತಕದಲ್ಲಿ ಹುಡುಕುವುದಕ್ಕಾದರೂ ಹೆಸರು ತಿಳಿದಿರಬೇಕು. ಕರ್ನಾಟಕ ಪಠ್ಯಪುಸ್ತಕ ಸಂಘದ ಪ್ರೌಢಶಾಲೆಯ ಪ್ರಥಮ ಭಾಷೆಯ ಕನ್ನಡ ಪುಸ್ತಕಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ, ಪಾಠಗಳ ಕೊನೆಯಲ್ಲಿ ವ್ಯಾಕರಣವೂ ಇರುತ್ತದೆ. ಅದಾದ ಮೇಲೆ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’. 13ನೆಯ ಶತಮಾನದ ‘ಶಬ್ದಮಣಿದರ್ಪಣ’ವನ್ನು ಯಾರಾದರೂ ಶಿಫಾರಸು ಮಾಡಿದರೆ ಕೈಮುಗಿದು ಮುಂದೆ ಹೋಗಿ, ಅದರ ಸೂತ್ರಗಳು ಹಳಗನ್ನಡದ ಕಂದಪದ್ಯಗಳಲ್ಲಿವೆ. ಶಾಲಾ ವ್ಯಾಕರಣ ಹೇಳುವುದೆಲ್ಲವೂ ಬಳಕೆಯಲ್ಲಿರುವುದಿಲ್ಲ ಎಂಬುದೂ ನೆನಪಿರಲಿ. ಪಂಚಮೀ ವಿಭಕ್ತಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿಸುತ್ತಾರೆ. ಆದರೆ ಎಲೆ ಬೀಳುವುದು ‘ಮರದಿಂದ’, ‘ಮರದ ದೆಸೆಯಿಂದ’ ಅಲ್ಲ.

ಅಜ್ಜಿಯ ‘ಎಂತ ಮಾರಾಯ್ತಿ’ಯನ್ನು ಮಾತ್ರ ತಿದ್ದಬೇಡಿ. ಅದು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇರಲಿ.

ಕಥೆಯ ಆಸೆ

ಎಲ್ಲರಿಗೂ ಧನ್ಯವಾದಗಳು. ಬಾಗಿಲು ತೆರೆದವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲೇ ಉತ್ತರವಿರಲಿಲ್ಲ ಎಂಬುದು ತಿದ್ದಲು ಕುಳಿತಾಗ ತಿಳಿಯಿತು. ಹಾಗಾಗಿ ಕಥೆಗೆ ಒಬ್ಬ ಅತ್ತೆ ಬಂದಿದ್ದಾರೆ:

“ಅತ್ತೆ ಬಾಗಿಲು ತೆರೆದೊಡನೆ ಬೆಕ್ಕು ಒಳಗೆ ಓಡಿತು. ಅಡುಗೆಮನೆಯಲ್ಲಿದ್ದ ಸೀತೆ ಗಂಡನ ಕಡೆ ನೋಡಿದಳು. ಅವನು ಮಾತಾಡಲಿಲ್ಲ. ತಾನು ಊರಿಗೆ ಹೋಗುವುದಿಲ್ಲ ಎಂದಳು.”

ಮೌನದ ವಾಕ್ಯವನ್ನು ತೆಗೆದುಬಿಟ್ಟೆ. ಗಂಡ ಮಾತಾಡಲಿಲ್ಲ ಎಂದ ಮೇಲೆ ಅದು ಬೇಕೆನಿಸಲಿಲ್ಲ. ಈಗ ಹೊಸದೊಂದು ತೊಡಕು: ಮುಂದಿನ ಸಾಲಿನಲ್ಲಿ ಅತ್ತೆ ‘ಕುಳಿತರು’ ಎನ್ನಬೇಕೋ ‘ಕುಳಿತಳು’ ಎನ್ನಬೇಕೋ?

ಹಳೆಯ ಮೇಷ್ಟ್ರು

ಇಡೀ ಕಥೆ ಸೀತೆಯ ಕಣ್ಣಿನಿಂದಲೇ ಸಾಗುವುದಾದರೆ ‘ಕುಳಿತರು’, ಏಕೆಂದರೆ ಮನಸ್ಸಿನೊಳಗೂ ಸೊಸೆ ಆ ಬಹುವಚನವನ್ನು ಬಿಡಲಾರಳು. ಅವಳು ಅದನ್ನು ಬಿಡುವ ದಿನವೊಂದು ಕಥೆಯಲ್ಲಿ ಬರುವುದಾದರೆ, ‘ಕುಳಿತಳು’ ಎಂಬುದನ್ನು ಅಲ್ಲಿಯವರೆಗೆ ಎತ್ತಿಡಿ.