ಸಮ್ಮೇಳನಕ್ಕೆ ಹೋಗಲೇ, ಬೇಡವೇ? – ಓದುಗರ ಸ್ಪಂದನ

ಯಾದಗಿರಿ ಜಿಲ್ಲೆಯ ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಒಂಬತ್ತು ವರ್ಷಗಳಿಂದ ಮಕ್ಕಳ ಪೌಷ್ಟಿಕತೆಯ ಕೆಲಸ ಮಾಡುತ್ತಿರುವ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಗೊಂದಲವನ್ನು ತೋಡಿಕೊಂಡಿದ್ದರು. ದೆಹಲಿಯಲ್ಲಿ ನಡೆಯಲಿರುವ ಸಮ್ಮೇಳನವೊಂದಕ್ಕೆ ಸಂಸ್ಥೆಯು ಮೊದಲ ಸಲ ಅವರನ್ನು ಆರಿಸಿದೆ. ಇಂಗ್ಲಿಷ್ ಬಾರದ ತಾನು ಹೋಗಿ ಪ್ರಯೋಜನವೇನು, ನೋಂದಣಿ ಶುಲ್ಕಕ್ಕೂ ಪ್ರಯಾಣಕ್ಕೂ ತಗಲುವ ಹಣವನ್ನು ಮಕ್ಕಳಿಗೇ ಬಳಸಬಾರದೇ, ಹೋಗಿ ಬಂದವರನ್ನು ಸಂಸ್ಥೆಯಲ್ಲಿ ಯಾರೂ ಏನೂ ಕೇಳುವುದಿಲ್ಲವಲ್ಲ ಎಂಬುದು ಅವರ ಅಳಲು. ಬಂದ ಪತ್ರಗಳಲ್ಲಿ ನಾಲ್ಕು ಇಲ್ಲಿವೆ.

ಸಹೋದರಿ, ದಯವಿಟ್ಟು ಹೋಗಿ ಬನ್ನಿ. ನಿಮ್ಮ ಪತ್ರ ಓದಿದಾಗ ಆರು ವರ್ಷದ ಹಿಂದಿನ ನನ್ನ ಸ್ಥಿತಿಯೇ ಕಣ್ಣ ಮುಂದೆ ಬಂದಿತು. ನಸುಕಿನಲ್ಲಿ ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದವಳು, ನನ್ನ ಬದಲು ನಮ್ಮ ಸಂಯೋಜಕರೇ ಬರಬೇಕಿತ್ತು ಎಂದು ದೆಹಲಿ ಮುಟ್ಟುವವರೆಗೂ ಕೊರಗುತ್ತಲೇ ಇದ್ದೆ. ಮೊದಲ ದಿನದ ಗೋಷ್ಠಿಗಳಲ್ಲಿ ನನಗೆ ತಿಳಿದದ್ದು ಪರದೆಯ ಮೇಲಿನ ಅಂಕಿಗಳು ಮಾತ್ರ. ಎರಡನೆಯ ದಿನ ಊಟದ ಬಿಡುವಿನಲ್ಲಿ, ನನ್ನ ಚೀಲದಿಂದ ಇಣುಕುತ್ತಿದ್ದ, ಮಕ್ಕಳ ಅಪೌಷ್ಟಿಕತೆ ಪತ್ತೆಗೆ ತೋಳಿನ ಸುತ್ತಳತೆ ಅಳೆಯುವ ಬಣ್ಣದ ಪಟ್ಟಿಯನ್ನು ಕಂಡು ಒಡಿಶಾದ ಕಾರ್ಯಕರ್ತೆಯೊಬ್ಬರು ಮಾತಿಗೆ ಬಂದರು. ಅವರದು ಹರಕು ಹಿಂದಿ, ನನ್ನದು ಅದಕ್ಕಿಂತ ಹರಕು. ಮಗುವಿನ ಎಡತೋಳನ್ನು ಮೊಣಕೈಯಲ್ಲಿ ಮಡಚಿ, ಭುಜದ ತುದಿಯಿಂದ ಮೊಣಕೈಯ ತುದಿಯವರೆಗೆ ಅಳೆದು, ಸರಿಯಾಗಿ ನಡುವೆ ಪೆನ್ನಿನಿಂದ ಗುರುತು ಮಾಡಿ, ಬಳಿಕ ತೋಳನ್ನು ಇಳಿಬಿಟ್ಟು ಪಟ್ಟಿ ಸುತ್ತಬೇಕೆಂಬುದನ್ನು ಅವರು ನನ್ನ ತೋಳಿನ ಮೇಲೆಯೇ ತೋರಿಸಿದರು. ನಾವು ವರ್ಷಗಟ್ಟಲೆ ಕಣ್ಣಂದಾಜಿನಲ್ಲಿ ನಡುಭಾಗ ಹಿಡಿದು, ಮಗು ಅತ್ತೀತೆಂದು ಪಟ್ಟಿಯನ್ನು ಸಡಿಲವಾಗಿಯೇ ಸುತ್ತುತ್ತಿದ್ದೆವು. 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ; ಅಲ್ಲಿಂದ 12.5ರವರೆಗೆ ಹಳದಿ, ಅದರಾಚೆ ಹಸಿರು. ಈ ಲೆಕ್ಕದಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳುಹಿಸಬೇಕಾದ ಮಗು ಹಳದಿಯಲ್ಲೇ ಉಳಿದುಬಿಡುತ್ತದೆ. ಮರಳಿದ ವಾರವೇ ನಮ್ಮ ಅಂಗನವಾಡಿಗಳಲ್ಲಿ ಮತ್ತೆ ಅಳತೆ ಮಾಡಿದಾಗ ಮೂರು ಮಕ್ಕಳು ಹಳದಿಯಿಂದ ಕೆಂಪಿಗೆ ಬಂದರು. ಆ ಮೂವರನ್ನು ನೆನೆದರೆ ನನ್ನ ಪ್ರಯಾಣದ ಹಣ ಮಕ್ಕಳಿಗೆ ತಲುಪಲಿಲ್ಲವೆಂದು ಹೇಳಲು ನನಗೆ ಬಾಯಿ ಬಾರದು. ನಿಮ್ಮ ಪಟ್ಟಿ ಮತ್ತು ನೀವೇ ಕೈಯಾರೆ ಬರೆದ ದಾಖಲೆ ಪುಸ್ತಕವನ್ನು ಮರೆಯದೆ ಒಯ್ಯಿರಿ. ಮಕ್ಕಳ ಹೆಸರಿರುವ ಕಡೆ ಕಾಗದ ಅಂಟಿಸಿಕೊಳ್ಳಿ.
– ಆರೋಗ್ಯ ಕಾರ್ಯಕರ್ತೆ, ರಾಯಚೂರು ಜಿಲ್ಲೆ

ಹಣದ ಪ್ರಶ್ನೆಯನ್ನು ನೀವು ನಿಮ್ಮ ಮನಸ್ಸಾಕ್ಷಿಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ ಎಂದು ಹದಿನೈದು ವರ್ಷ ಸಂಸ್ಥೆಗಳ ಲೆಕ್ಕ ಬರೆದ ಅನುಭವದಿಂದ ಹೇಳುತ್ತಿದ್ದೇನೆ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ, ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲಿನ ಮಿತಿಯು ಶೇ 50ರಿಂದ ಶೇ 20ಕ್ಕೆ ಇಳಿದ ಮೇಲೆ ಅನೇಕ ಸಂಸ್ಥೆಗಳು ಹೆದರಿ ಮೊದಲು ಕತ್ತರಿ ಹಾಕಿದ್ದು ಸಿಬ್ಬಂದಿಯ ತರಬೇತಿ ಮತ್ತು ಪ್ರಯಾಣಕ್ಕೆ. ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಸಿಎಸ್‌ಆರ್ ಹಣದ ವಿಷಯದಲ್ಲಂತೂ ಆಡಳಿತ ಖರ್ಚಿನ ಶೇ 5ರ ಮಿತಿ ಹಣ ಪಡೆಯುವ ಸಂಸ್ಥೆಗೂ ಅನ್ವಯಿಸುತ್ತದೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಆ ಮಿತಿ ಇರುವುದು ಸಿಎಸ್‌ಆರ್ ಕೆಲಸ ನೋಡಿಕೊಳ್ಳಲು ಕಂಪನಿಯೇ ಮಾಡುವ ಆಡಳಿತ ಖರ್ಚಿಗೆ. ಆದ್ದರಿಂದ ಮುಂದಿನ ವರ್ಷದ ಪ್ರಸ್ತಾವನೆ ಬರೆಯುವಾಗಲೇ ಕ್ಷೇತ್ರ ಸಿಬ್ಬಂದಿಯ ಕಲಿಕೆಗೆಂದು ಪ್ರತ್ಯೇಕ ಬಾಬ್ತು ಸೇರಿಸಿ, ದಾನಿಗಳ ಒಪ್ಪಿಗೆ ಪಡೆಯುವಂತೆ ನಿಮ್ಮ ಕಾರ್ಯದರ್ಶಿಯವರನ್ನು ಒತ್ತಾಯಿಸಿ. ಈ ಸಲದ ಮಟ್ಟಿಗೆ, ಶುಲ್ಕ ವಿನಾಯಿತಿ ಅಥವಾ ಪ್ರಯಾಣ ನೆರವು ಇದೆಯೇ ಎಂದು ಸಂಘಟಕರಿಗೆ ಇಂದೇ ಪತ್ರ ಬರೆಯಿರಿ. ಕೊನೆಯ ವಾರದಲ್ಲಿ ಕೇಳಿದರೆ ಕೊಡುವ ಮನಸ್ಸಿದ್ದರೂ ಅವರ ಕೈಯಲ್ಲಿ ಹಣ ಉಳಿದಿರುವುದಿಲ್ಲ.
– ಲೆಕ್ಕಿಗರು, ಹುಬ್ಬಳ್ಳಿ

ತಂಗೀ, 2000ದ ನವೆಂಬರ್ ಕೊನೆಯಲ್ಲಿ, ಆಗಿನ್ನೂ ಕಲ್ಕತ್ತಾ ಎನ್ನುತ್ತಿದ್ದ ಊರಿನಲ್ಲಿ ನಡೆದ ರಾಷ್ಟ್ರೀಯ ಜನಾರೋಗ್ಯ ಸಮಾವೇಶಕ್ಕೆ ರೈಲಿನಲ್ಲಿ ಹೋದವರಲ್ಲಿ ನಾನೂ ಒಬ್ಬ. ಅದಾದ ಮರುವಾರವೇ ಬಾಂಗ್ಲಾದೇಶದ ಸಾವರ್‌ನಲ್ಲಿ ವಿಶ್ವ ಜನಾರೋಗ್ಯ ಸಮಾವೇಶ ನಡೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧವಿಲ್ಲದಿರುವುದು ನಮ್ಮ ತಾಲ್ಲೂಕಿನ ದುರದೃಷ್ಟವೆಂದೇ ಅಲ್ಲಿಯವರೆಗೆ ತಿಳಿದಿದ್ದೆ. ಬೋಗಿಯಲ್ಲಿ ಎದುರಿಗೆ ಕುಳಿತು ಬುತ್ತಿ ಬಿಚ್ಚಿದ ತಮಿಳುನಾಡಿನವರೂ ಆಂಧ್ರದವರೂ ತಮ್ಮ ಊರಿನ ಅದೇ ಕಥೆಯನ್ನು ಹೇಳಿದಾಗ, ಇದು ನೀತಿಯ ಪ್ರಶ್ನೆ, ಒಟ್ಟಾಗಿ ಕೇಳಬೇಕಾದ ಪ್ರಶ್ನೆ ಎಂಬುದು ನನಗೆ ಮೊದಲ ಬಾರಿಗೆ ಮನವರಿಕೆಯಾಯಿತು. ನನಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಕನ್ನಡ ಬಲ್ಲ ಪ್ರತಿನಿಧಿಯೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಪಿಸುಮಾತಿನಲ್ಲಿ ಅನುವಾದಿಸಿ ಹೇಳಲು ಯಾರೂ ಬೇಸರಪಡುವುದಿಲ್ಲ.
– ನಿವೃತ್ತ ಕಾರ್ಯಕರ್ತ, ಧಾರವಾಡ

ಹೋಗಬೇಕೆಂಬುದನ್ನು ನಾನೂ ಒಪ್ಪುತ್ತೇನೆ, ಆದರೆ ಷರತ್ತಿಲ್ಲದೆ ಹೋಗಬೇಡಿ. ನಮ್ಮ ಸಂಸ್ಥೆಯಲ್ಲಿ ನನ್ನನ್ನು ಎರಡು ಬಾರಿ ಸಮ್ಮೇಳನಕ್ಕೆ ಕಳುಹಿಸಿದರು. ಎರಡು ಬಾರಿಯೂ ವಾರ್ಷಿಕ ವರದಿಗೆ ಒಂದು ಛಾಯಾಚಿತ್ರ ಕೇಳಿದರೇ ಹೊರತು, ನಾನು ತುಂಬಿಸಿ ತಂದ ನೋಟುಪುಸ್ತಕವನ್ನು ಯಾರೂ ತೆರೆದು ನೋಡಲಿಲ್ಲ. ಆ ನೋವು ಇನ್ನೂ ಇದೆ. ಸಮ್ಮೇಳನದಲ್ಲಿ ನಿಮ್ಮ ಸಂಸ್ಥೆ ಪ್ರದರ್ಶಿಸುವ ಪೋಸ್ಟರ್‌ನಲ್ಲಿ ನಿಮ್ಮ ಕೆಲಸದ ಅಂಕಿಗಳಿದ್ದರೆ ಅದರ ಮೇಲೆ ನಿಮ್ಮ ಹೆಸರೂ ಇರಬೇಕೆಂದು ಕೇಳಿ. ಹಳ್ಳಿಯಲ್ಲಿ ಅಳತೆ ಮಾಡಿದವರ ಹೆಸರನ್ನು ಬಿಟ್ಟು ಕಚೇರಿಯಲ್ಲಿ ಬರೆದವರ ಹೆಸರನ್ನಷ್ಟೇ ಹಾಕುವ ರೂಢಿ ಅನ್ಯಾಯದ್ದು. ಪ್ರಯಾಣದ ದಿನಗಳನ್ನು ಕರ್ತವ್ಯದ ದಿನಗಳೆಂದೇ ಹಾಜರಿ ಪುಸ್ತಕದಲ್ಲಿ ಬರೆಸಿ. ನೀವು ಹಿಂತಿರುಗಿದ ನಂತರದ ಮೊದಲ ಮಾಸಿಕ ಸಭೆಯಲ್ಲಿ ನಿಮಗೆ ಅರ್ಧ ಗಂಟೆ ಕೊಡಬೇಕೆಂದು, ರೈಲಿನ ಟಿಕೆಟ್ ಮಾಡಿಸುವ ಮುನ್ನವೇ, ಸಂಯೋಜಕರಿಗೆ ಲಿಖಿತವಾಗಿ ಕೇಳಿ ಅವರ ಸಹಿ ಪಡೆದುಕೊಳ್ಳಿ.
– ಸಮುದಾಯ ಸಂಘಟಕಿ, ಕಲಬುರಗಿ