ಟೆನೆಕ್ಟೆಪ್ಲೇಸ್ ಕೊಟ್ಟ ಮ್ಯಾಲೂ ಉಳಿದ ಮೂರು ಔಷಧ ಯಾಕ?

ಸ್ಟಾಫ್ ನರ್ಸ್, ರೋಣ:
ಇಲ್ಲಿಂದ ಹುಬ್ಬಳ್ಳಿ ಕ್ಯಾಥ್‌ಲ್ಯಾಬ್ (ಆಂಜಿಯೊಪ್ಲಾಸ್ಟಿ ಮಾಡೋ ಜಾಗ) ಮುಟ್ಟಲಿಕ್ಕೆ ಎರಡು ತಾಸು ಬೇಕು. ಇಸಿಜಿಯೊಳಗ ಎಸ್‌ಟಿ ಗೆರೆ ಏರಿದ್ದು (ಹೃದಯದ ನಾಳ ಮುಚ್ಚಿ ಹೃದಯಾಘಾತ ಆದ ಗುರುತು) ಖಾತ್ರಿ ಆದ್ರ ಡಾಕ್ಟರು ಇಲ್ಲೇ ಹೆಪ್ಪು ಕರಗಸೋ ಟೆನೆಕ್ಟೆಪ್ಲೇಸ್ ಬರೀತಾರ. ಅದು ಕೊಟ್ಟಾದ ಮ್ಯಾಲೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಎನಾಕ್ಸಪರಿನ್ ಮೂರೂ ಯಾಕ್ರಿ? ರಕ್ತಸ್ರಾವ ಹೆಚ್ಚಾಗಂಗಿಲ್ಲೇನು? ವಯಸ್ಸಾದವರಿಗೆ ಡೋಸ್ ಹೆಂಗ?

ಹೃದ್ರೋಗ ವಿಭಾಗ, ಹುಬ್ಬಳ್ಳಿ:
ಹೆಪ್ಪು ಅಂದ್ರ ಫೈಬ್ರಿನ್ ಅನ್ನೋ ಪ್ರೋಟೀನಿನ ಬಲೆ, ಅದರಾಗ ಸಿಕ್ಕೊಂಡ ಪ್ಲೇಟ್ಲೆಟ್ ಕಣ. ಟೆನೆಕ್ಟೆಪ್ಲೇಸ್‌ನಿಂದ ಬಲೆ ಹರೀತದ, ಪ್ಲೇಟ್ಲೆಟ್ ಹಂಗ ಉಳೀತಾವ. ಮ್ಯಾಲೆ, ಬಲೆಯೊಳಗಿದ್ದ ಥ್ರಾಂಬಿನ್ ಹೊರಬಿದ್ದು ಅದೇ ಜಾಗದಾಗ ಮತ್ತ ಹೆಪ್ಪು ಕಟ್ಟಸ್ತದ. ತೆರೆದ ನಾಳ ತಾಸೊತ್ತಿನಾಗ ಮುಚ್ಚೋದು ಹಿಂಗ. ಥ್ರಾಂಬಿನ್‌ಗೆ ಎನಾಕ್ಸಪರಿನ್, ಪ್ಲೇಟ್ಲೆಟ್‌ಗೆ ಉಳಿದೆರಡು. 1988ರ ಐಸಿಸ್-2 ಅಧ್ಯಯನದಾಗ 17,187 ರೋಗಿಗಳಿದ್ದರು. ಹೆಪ್ಪು ಕರಗಸೋ ಹಳೇ ಔಷಧ ಸ್ಟ್ರೆಪ್ಟೊಕೈನೇಸ್ ಒಂದರಿಂದ ಸಾವು 25% ಇಳೀತು, ಆಸ್ಪಿರಿನ್ ಒಂದರಿಂದ 23%, ಎರಡೂ ಕೂಡಿದಾಗ 42%.

ಆಸ್ಪಿರಿನ್ 300 ಮಿ.ಗ್ರಾಂ ಅಗಿಸಬೇಕು, ಬರೇ ನುಂಗಿದ್ರ ತಡ ಆಗ್ತದ. ಕ್ಲೊಪಿಡೊಗ್ರೆಲ್ 300. ಎನಾಕ್ಸಪರಿನ್ 30 ಮಿ.ಗ್ರಾಂ ನರಕ್ಕ, 15 ನಿಮಿಷದ ಮ್ಯಾಲೆ ಕೆಜಿಗೆ 1 ಮಿ.ಗ್ರಾಂ ಚರ್ಮದ ಕೆಳಗ, 12 ತಾಸಿಗೊಮ್ಮೆ. 75 ದಾಟಿದವರಿಗೆ ಕ್ಲೊಪಿಡೊಗ್ರೆಲ್ 75 ಸಾಕು, ನರದ ಎನಾಕ್ಸಪರಿನ್ ಬ್ಯಾಡ, ಚರ್ಮದ್ದು ಕೆಜಿಗೆ 0.75, ಟೆನೆಕ್ಟೆಪ್ಲೇಸ್ ಅರ್ಧ. ನಿಮ್ಮ ಅಂಜಿಕೆ ಖರೇ ಐತಿ, ಅದಕ್ಕ ಈ ಕಡಿತ.

ಫಾರ್ಮಸಿಸ್ಟ್, ಗದಗ:
ತೂಕ ಅಂದಾಜಿಗೆ ಬರೀಬ್ಯಾಡ್ರಿ. ಟೆನೆಕ್ಟೆಪ್ಲೇಸ್ 60 ಕೆಜಿ ಒಳಗ 30 ಮಿ.ಗ್ರಾಂ, 60ಕ್ಕ 35, ಮುಂದ ಪ್ರತಿ 10 ಕೆಜಿಗೆ 5 ಹೆಚ್ಚು, 90ಕ್ಕ 50. ಅದರ ಮ್ಯಾಲೆ ಇಲ್ಲ. ವಯಲ್ ಅಲುಗಾಡಿಸದ ಮೆಲ್ಲಕ ತಿರುವ್ರಿ, ನೊರೆ ಬಂದ್ರ ಇಳಿಯೋತನ ಬಿಡ್ರಿ. ಸಲೈನ್ ನಳಿಗೆಯೊಳಗ (ಲೈನ್) ಡೆಕ್ಸ್‌ಟ್ರೋಸ್, ಅಂದ್ರ ಗ್ಲೂಕೋಸ್ ನೀರು ಇದ್ರ ಔಷಧ ಗಟ್ಟಿಯಾಗಿ ಕೂಡ್ತದ, ಹಿಂದ ಮುಂದ ಸಲೈನ್ ಹಾಕಿ ತೊಳೀರಿ. ಪೂರ್ತಿ ಡೋಸ್ 5 ಸೆಕೆಂಡಿನಾಗ ಒಂದೇ ಸಲ.

ಸ್ಟಾಫ್ ನರ್ಸ್, ರೋಣ:
ಊರಾಗ ಕುಂಡಿಗೆ ನೋವಿನ ಡೈಕ್ಲೊಫೆನಾಕ್ ಸೂಜಿ ಹಾಕಿಸಿಕೊಂಡು ಬಂದವರಿಗೆ?

ತುರ್ತು ಚಿಕಿತ್ಸೆ, ಹಾವೇರಿ:
ಅಷ್ಟಕ್ಕ ಟೆನೆಕ್ಟೆಪ್ಲೇಸ್ ನಿಲ್ಲಿಸಬ್ಯಾಡ್ರಿ. ಸೂಜಿ ಜಾಗ ಒತ್ತಿ ಹಿಡೀರಿ, ಬಾವು ಬರತದೇನು ನೋಡ್ಕೋತ ಇರ್ರಿ. ಮತ್ತೊಂದು ಸೂಜಿ ಮಾಂಸಕ್ಕ ಹಾಕಲೇಬಾರದು; ನೋವಿಗೆ ಮಾರ್ಫಿನ್ ನರಕ್ಕ. ನಿಲ್ಲಿಸಬೇಕಾದ್ದು ಬ್ಯಾರೆ: ಎಂದಾದರೂ ಮಿದುಳಿನಾಗ ರಕ್ತಸ್ರಾವ ಆಗಿದ್ರ, ಈಗ ಎಲ್ಲಿಯಾದರೂ ರಕ್ತ ಸೋರ್ತಿದ್ರ, ಮಹಾಪಧಮನಿ ಸೀಳಿದ ಸಂಶಯ ಇದ್ರ. ಬಿಪಿ 180/110 ಮ್ಯಾಲಿದ್ರ ಮೊದಲು ಇಳಿಸಬೇಕು.

ಕೊಟ್ಟ ಕೂಡ್ಲೆ ಆಂಬುಲೆನ್ಸ್ ಹೊರಡಿಸ್ರಿ, ಫಲಿತಾಂಶ ಕಾಯಬ್ಯಾಡ್ರಿ. 60ರಿಂದ 90 ನಿಮಿಷಕ್ಕ ಮತ್ತೊಂದು ಇಸಿಜಿ: ಎಸ್‌ಟಿ ಅರ್ಧದಷ್ಟೂ ಇಳಿದಿಲ್ಲಂದ್ರ ಹುಬ್ಬಳ್ಳಿಯೊಳಗ ತಕ್ಷಣ ಆಂಜಿಯೊಪ್ಲಾಸ್ಟಿ, ಇಳಿದಿದ್ರ 2ರಿಂದ 24 ತಾಸಿನಾಗ ಆಂಜಿಯೊಗ್ರಾಂ. ದಾರಿಯಾಗ ಜೋರು ತಲೆನೋವು, ವಾಂತಿ, ಮಾತು ತೊದಲು ಕಂಡ್ರ ಮುಂದಿನ ಎನಾಕ್ಸಪರಿನ್ ನಿಲ್ಲಿಸಿ, ತಲೆ ಸಿಟಿ ಬೇಕಂತ ಫೋನ್ ಮಾಡಿ ಹೇಳ್ರಿ. ರೋಗಿ ಜೋಡಿ ಕಳಸೋ ಪತ್ರದಾಗ ಪ್ರತಿ ಔಷಧ ಕೊಟ್ಟ ಗಳಿಗೆ ಬರೀರಿ. ಅದಿಲ್ಲಂದ್ರ ಎನಾಕ್ಸಪರಿನ್ ಎರಡು ಸಲ ಬೀಳ್ತದ.